ಟೆಲಿಫೋನ್ ನಕ್ಷೆ ಮತ್ತು ಒಂದು ಕೊಡ ನೀರು

1975ರ ಏಪ್ರಿಲ್ ಮೊದಲ ವಾರ ನವಲಗುಂದ ಭಾಗದ ಒಂದು ಹಳ್ಳಿಯ ಅಂಚೆಮನೆಯಲ್ಲಿದ್ದ ಟೆಲಿಫೋನ್ ನಿಂತುಹೋಯಿತು. ಊರಿಗೆಲ್ಲ ಇದ್ದದ್ದು ಅದೊಂದೇ. ಅದಕ್ಕೆ ಹದಿನೈದು ದಿನ ಮೊದಲು ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸನ್ನು ಕೆಲಸದಿಂದ ತೆಗೆಯಲಾಗಿತ್ತು. ಎರಡಕ್ಕೂ ಸಂಬಂಧವಿತ್ತು. ಅದು ನನಗೆ ಗೊತ್ತಿತ್ತು.

ಆಗ ಅಂಚೆ, ಟೆಲಿಫೋನ್ ಎರಡೂ ಒಂದೇ ಇಲಾಖೆ; ನಾನು ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತ. ಗೆರೆ ನೆಟ್ಟಗೆ ಎಳೆಯುತ್ತೇನೆಂಬ ಕಾರಣಕ್ಕೆ ಹಿಂದಿನ ದೀಪಾವಳಿಯ ನಂತರ ನನಗೊಂದು ಕೆಲಸ ಬಿದ್ದಿತ್ತು. ಕಚೇರಿಯ ಇಡೀ ವ್ಯವಸ್ಥೆಯನ್ನು ಒಂದೇ ಹಾಳೆಯಲ್ಲಿ ಬರೆಯಬೇಕು: ಯಾವ ತಂತಿ ಯಾವ ಊರಿಗೆ ಹೋಗುತ್ತದೆ, ಬ್ಯಾಟರಿ ಎಲ್ಲಿದೆ, ಯಾವುದು ಕೆಟ್ಟರೆ ಯಾವ ಊರು ಮೂಕವಾಗುತ್ತದೆ, ಯಾವುದನ್ನು ಯಾರು ನೋಡಿಕೊಳ್ಳುತ್ತಾರೆ. ವಯಸ್ಸಾದ ಲೈನ್‌ಮನ್ ಒಬ್ಬನ ಜೊತೆ ಸೈಕಲ್ ಮೇಲೆ ಕಂಬಗಳ ಗುಂಟ ತಿರುಗಿದೆ.

ಆ ಹಳ್ಳಿಗೆ ಹೋಗುತ್ತಿದ್ದದ್ದು ಒಂಟಿ ತಂತಿ. ಅಲ್ಲಿಂದ ಕರೆಂಟು ನೆಲದ ಮೂಲಕವೇ ವಾಪಸು ಬರಬೇಕು. ಅದಕ್ಕೆಂದು ಅಂಚೆಮನೆಯ ಹಿತ್ತಲಲ್ಲಿ ಲೋಹದ ಫಲಕವೊಂದನ್ನು ಹೂತಿದ್ದರು. ಎರೆ ಭೂಮಿ ಬೇಸಿಗೆಯಲ್ಲಿ ಬಿರಿದರೆ ಮಣ್ಣು ಫಲಕವನ್ನು ಬಿಟ್ಟು ಸರಿಯುತ್ತದೆ. ಆ ಹೆಂಗಸು ದಿನಾ ಬೆಳಿಗ್ಗೆ ಕಸ ಗುಡಿಸಿದ ಮೇಲೆ ಅಲ್ಲಿಗೆ ಒಂದು ಕೊಡ ನೀರು ಹಾಕುತ್ತಿದ್ದಳು. ಇದು ಯಾವ ಆದೇಶದಲ್ಲೂ ಇರಲಿಲ್ಲ. ಹಿಂದೆ ಯಾರೋ ಹೇಳಿಹೋಗಿದ್ದರು, ಆಕೆ ಬಿಟ್ಟಿರಲಿಲ್ಲ.

ನಕ್ಷೆ ಮುಗಿದ ದಿನ ಲೈನ್‌ಮನ್ ಬಗ್ಗಿ ನೋಡಿದ.

"ಎಲ್ಲಾ ಅಗದಿ ಚಂದ ಬರದೀರಿ ಸಾಹೇಬ್ರ. ನೀರು ಹಾಕೊ ಅವ್ವ ಎಲ್ಲ್ಯದಾಳ್ರಿ?"

"ಅಕಿ ಯಂತ್ರ ಅಲ್ಲ, ಕಾಕಾ."

"ಅಕಿ ಒಂದ್ ವಾರ ಮಗಳ ಮನಿಗೆ ಹೋಗ್ಲಿ. ನಿಮ್ಮ ಯಂತ್ರ ಮೂಕಬಸವಣ್ಣ ಆಕ್ಕೈತಿ."

ನಾನು ನಕ್ಕೆ. ನಕ್ಷೆಯಲ್ಲಿ ಆ ಊರಿಗೆ ಹಾಕಿದ್ದ ಚೌಕದ ಪಕ್ಕ, ನೋಡಿಕೊಳ್ಳುವವರ ಹೆಸರಿನ ಜಾಗದಲ್ಲಿ ಲೈನ್‌ಮನ್ ಎಂದು ಬರೆದಿದ್ದೆ. ತಿದ್ದಲಿಲ್ಲ.

ಮಾರ್ಚ್‌ನಲ್ಲಿ ಮೇಲಿನ ಸಾಹೇಬರು ಅದೇ ಹಾಳೆ ಹಿಡಿದುಕೊಂಡು ಹಂಗಾಮಿ ಕೆಲಸಗಾರರ ಪಟ್ಟಿ ನೋಡಿದರು. "ನಕಾಶಿಯೊಳಗ ಇಲ್ಲದವರು ನಮಗ್ಯಾಕ್ರಿ?" ಎಂದರು. ನಾನು ಎದುರಿಗೇ ನಿಂತಿದ್ದೆ.

ಕೆಲಸದಿಂದ ತೆಗೆದ ಆದೇಶ ಮುಟ್ಟಿದ ಎರಡನೇ ದಿನ ಆಕೆ ಬಸ್ಸು ಹತ್ತಿ ಕಚೇರಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದಲೇ.

"ತಮ್ಮಾ, ನೀ ಬರದದ್ದ ತೋರ್ಸಪಾ."

ಹಾಳೆ ಬಿಡಿಸಿ ಅವಳ ಊರನ್ನು ತೋರಿಸಿದೆ. ಚೌಕದ ಕೆಳಗೆ ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಮೂರು ಗೆರೆಗಳಿದ್ದವು.

"ಇದೇನಿದು?"

"ನೆಲ, ಯವ್ವಾ. ನೆಲಕ್ಕ ಹಂಗ ಗುರ್ತು ಹಾಕ್ತಾರ."

"ನೆಲಾ ಬರದಿ. ನೀರು ಹಾಕಾಕಿಗೆ ಒಂದ್ ಗೆರಿ ಇರ್ಲಿಲ್ಲೇನೋ ನಿನ್ನ ಕಡೆ?"

ಸಾಹೇಬರಿಗೆ ಹೇಳುತ್ತೇನೆ ಎಂದೆ. ಆ ವಾರ ಹೇಳಲಿಲ್ಲ. ಹೇಳಿದ್ದರೆ ನಕ್ಷೆ ತಪ್ಪಾಗಿದೆ ಎಂದು ನಾನೇ ಒಪ್ಪಬೇಕಿತ್ತು.

ಫೋನ್ ನಿಂತಾಗ ಲೈನ್‌ಮನ್ ನಿಯಮದ ಪ್ರಕಾರ ಮೊದಲು ಬ್ಯಾಟರಿ ಬದಲಾಯಿಸಿದ, ಆಮೇಲೆ ಕಂಬದ ಮೇಲಿನ ಜೋಡಣೆ ಬಿಗಿದ. ಕೊನೆಗೆ ಹಿತ್ತಲಿಗೆ ಹೋದ. ಬಿರುಕಿನೊಳಗೆ ಮೊಣಕೈತನಕ ಕೈ ಹೋಯಿತಂತೆ. ಮೂರು ಕೊಡ ನೀರು ಹಾಕಿದ ಮೇಲೆ ಫೋನ್ ಮಾತಾಡಿತು. ಬೇಸಿಗೆಯಿಂದ ನೆಲ ಒಣಗಿ ಸಂಪರ್ಕ ತಪ್ಪಿತ್ತು ಎಂದು ನಾನು ವರದಿ ಬರೆದೆ. ಅವನು ಓದಿಸಿ ಕೇಳಿದ.

"ನಾ ಅವತ್ತ ನಕಾಶಿ ನೋಡಿ ಹೇಳಿದ್ದು ಬರೀಲಿಲ್ಲೇನ್ರಿ?"

"ಬರದ್ರ ನನ್ನ ಕೇಳ್ತಾರ, ಕಾಕಾ."

"ಕೇಳ್ಲಿ ಬಿಡ್ರಿ. ಅಕಿನ್ನ ಒಂದ್ ಮಾತೂ ಕೇಳದ ತಗದ್ರಲ್ಲ."

ಎಂಟು ದಿನ ಬಿಟ್ಟು ಎರಡನೇ ವರದಿ ಬರೆದೆ. ಅದರಲ್ಲಿ ನೀರಿನ ವಿಷಯ, ಲೈನ್‌ಮನ್ ಮೊದಲೇ ಎಚ್ಚರಿಸಿದ್ದು, ನಾನು ಬಿಟ್ಟದ್ದು, ಮೂರೂ ಇದ್ದವು. ತಿದ್ದಿದ ನಕ್ಷೆ ಮತ್ತು ಕೆಲಸ ಮರಳಿ ಕೊಡಿ ಎಂದು ಆಕೆ ಬರೆಸಿದ್ದ ಅರ್ಜಿಯನ್ನೂ ಲಗತ್ತಿಸಿದೆ. ಮೇ ತಿಂಗಳಲ್ಲಿ ಉತ್ತರ ಬಂತು. ಲೈನ್‌ಮನ್ ವಾರಕ್ಕೊಮ್ಮೆ ಹೋಗಿ ನೀರು ಹಾಕತಕ್ಕದ್ದು. ನನಗೆ ಲಿಖಿತ ಎಚ್ಚರಿಕೆ. ಅರ್ಜಿಯ ಬಗ್ಗೆ ಏನೂ ಇರಲಿಲ್ಲ.

ಮತ್ತೆರಡು ಸಲ ನೆನಪೋಲೆ ಕಳಿಸಿದೆ. 1977ರಲ್ಲಿ ನನಗೆ ವರ್ಗವಾದಾಗ ಅರ್ಜಿ ಇನ್ನೂ ಬಾಕಿ ಕಾಗದಗಳ ಫೈಲಿನಲ್ಲಿತ್ತು. ಆಕೆ ಅಣ್ಣಿಗೇರಿಯ ಹತ್ತಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದಳು.