ತೊಂಬತ್ತಾರು ಕುದುರೆಗಳ ಊರು

ನನ್ನ ಸೋದರತ್ತೆ ವೂನಿಯಾಂಗ್, ಗೋರಿಯಲ್ಲಿ ಇಡುವ ಮಣ್ಣಿನ ಕುದುರೆಗಳಿಗೆ ಬಣ್ಣ ಹಚ್ಚುತ್ತಿದ್ದಳು. ಅವಳ ಗಂಡ ಹ್ವಾನ್ ಮಾವ ಅವನ್ನು ಮಾಡುತ್ತಿದ್ದ. ನಮ್ಮ ಊರಿನವರೆಲ್ಲ ತೊರೆಯ ದಂಡೆಯಲ್ಲಿ ಮಣ್ಣು ಸುಡುವ ಆವಿಗೆ ಹಾಕಿಕೊಂಡು ಬದುಕಿದವರು. ಲೋಯಾಂಗ್ ಪಟ್ಟಣದ ದೊಡ್ಡ ಮನೆಗಳಲ್ಲಿ ಯಾರಾದರೂ ಸತ್ತರೆ ನಮ್ಮ ಆವಿಗೆಗಳಿಗೆ ಬೆಂಕಿ ಬೀಳುತ್ತಿತ್ತು. ಸತ್ತವರ ಜೊತೆ ಕುದುರೆ, ಒಂಟೆ, ಹಂದಿ, ಕೋಳಿ ಎಲ್ಲವೂ ಮಣ್ಣಿನವು ಹೋಗಬೇಕಲ್ಲ.

ಹ್ವಾನ್ ಮಾವನಿಗೆ ಜೀವಂತ ಕುದುರೆ ಕಂಡರೆ ಬಲು ಹೆದರಿಕೆ. ಚಿಕ್ಕಂದಿನಲ್ಲಿ ಹೇಸರಗತ್ತೆಯೊಂದು ಒದ್ದು ಅವನ ಎರಡು ಪಕ್ಕೆಲುಬು ಮುರಿದಿತ್ತು. ಆದರೂ ಹೆದ್ದಾರಿಯ ಠಾಣ್ಯದಲ್ಲಿ ಸರ್ಕಾರಿ ಸವಾರರು ಕುದುರೆ ಬದಲಿಸುವಾಗ ಬೇಲಿಯ ಈಚೆ ನಿಂತು ಗಂಟೆಗಟ್ಟಲೆ ನೋಡುತ್ತಿದ್ದ. ಕಿವಿ ಯಾವಾಗ ಹಿಂದಕ್ಕೆ ಮಲಗುತ್ತದೆ, ಮೂಗಿನ ಹೊಳ್ಳೆ ಯಾವಾಗ ಅರಳುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಅಚ್ಚಿನಿಂದ ತೆಗೆದ ಎರಡು ಹೋಳು ಕೂಡಿಸಿದರೆ ಉಳಿದವರ ಕೆಲಸ ಮುಗಿಯಿತು. ಇವನು ಬಿದಿರಿನ ಚಾಕು ಹಿಡಿದು ಕತ್ತಿನ ನರ ಎಬ್ಬಿಸುತ್ತ ಕೂರುತ್ತಿದ್ದ.

"ಮಣ್ಣೊಳಗೆ ಹೂಳೋದಕ್ಕೆ ಇಷ್ಟೊಂದು ನಾಜೂಕು ಯಾಕೋ?" ಎಂದು ಯಾರಾದರೂ ಕೆಣಕಿದರೆ, "ಸತ್ತೋರಿಗೆ ಕಣ್ಣಿಲ್ಲ ಅಂತ ನಿನಗ್ಯಾರು ಹೇಳಿದ್ರು?" ಎನ್ನುತ್ತಿದ್ದ.

ಬಂಡಾಯದವರು ಲೋಯಾಂಗ್ ಹಿಡಿದ ಚಳಿಗಾಲದಲ್ಲಿ ಆವಿಗೆಗಳು ತಣ್ಣಗಾದವು. ಸಾಯುವವರಿಗೇನೂ ಕಡಿಮೆಯಿರಲಿಲ್ಲ. ಹೂಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಆಗ ಒಂದು ದಿನ ಊರ ಹಿರಿಯ ತುಂಗ್, ಬಂಡಾಯದವರ ದಂಡಿನ ಬಿಡಾರದಿಂದ ಬಂದ ಆಜ್ಞೆ ಹಿಡಿದು ಓಡಿಬಂದ.

"ಹದಿನೈದು ದಿನದಲ್ಲಿ ತೊಂಬತ್ತಾರು ಕುದುರೆ ಒಪ್ಪಿಸ್ಬೇಕಂತೆ. ಇಲ್ದಿದ್ರೆ ಹದಿನಾರು ದಾಟಿದ ಗಂಡಸರನ್ನೆಲ್ಲ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಾರಂತೆ."

"ನಮ್ಮೂರಲ್ಲಿ ಕುದುರೆ ಎಲ್ಲಿದೆ ಯಜಮಾನ್ರೇ? ಇರೋದು ನಿಮ್ಮ ಕುಂಟು ಕತ್ತೆ ಒಂದೇ," ಎಂದಳು ಅತ್ತೆ.

"ಪಟ್ಟೀಲಿ ಇದೆಯಲ್ಲೇ ತಾಯಿ! ಹೋದ ವರ್ಷ ಯಾವ್ದೋ ದೊಡ್ಡೋರ ಗೋರಿಗೆ ಕಳಿಸಿದ್ವಲ್ಲ, ಆ ಪಟ್ಟಿ ಅವರ ಕೈಗೆ ಸಿಕ್ಕಿದೆ. ಕುದುರೆ ತೊಂಬತ್ತಾರು, ಒಂಟೆ ನಲವತ್ತು ಅಂತ ಬರೆದಿದೆ. ಮಣ್ಣಿಂದು ಅಂತ ಎಲ್ಲೂ ಇಲ್ಲ."

ಯಾರೋ ನಕ್ಕರು. ಮತ್ತೆ ಯಾರೂ ನಗಲಿಲ್ಲ.

ವಿಷಯ ತಿಳಿಸಲು ಇಬ್ಬರನ್ನು ಕಳಿಸಿದರು. ಬಿಡಾರದವರು "ನಮ್ಮನ್ನೇ ಗೇಲಿ ಮಾಡ್ತೀರಾ?" ಎಂದು ಅವರನ್ನು ಹೊಡೆದು ಮೂಟೆ ಹೊರುವ ಕೆಲಸಕ್ಕೆ ಹಾಕಿಕೊಂಡರು. ಅಲ್ಲಿಗೆ ಹೋದ ಗಂಡಸು ಹಿಂದಿರುಗುವುದಿಲ್ಲ ಎಂದು ಊರಿಗೆ ಗೊತ್ತಾಯಿತು. ಎಂಟು ದಿನ ಹಾಗೇ ಹೋದವು. ಕೆಲವರು ಗುಡ್ಡ ಹತ್ತಿ ಗುಹೆಗಳಲ್ಲಿ ಅಡಗಿದರು, ಹಿಮ ಬಿದ್ದು ಹಸಿವಿಗೆ ಇಳಿದು ಬಂದರು. ಮನೆಮನೆಯಲ್ಲಿ ಹೆಂಗಸರು ಅಳುತ್ತಿದ್ದರು. ಒಂಬತ್ತನೆಯ ದಿನ ಅತ್ತೆ ಎದ್ದು ನಿಂತಳು.

"ನಾನು ಹೋಗ್ತೀನಿ. ಬಾಯಲ್ಲಿ ಹೇಳಿದ್ರೆ ನಂಬಲ್ಲ ಅವರು. ಒಂದು ಕುದುರೆ ಹೊತ್ಕೊಂಡು ಹೋಗಿ ಕಣ್ಣೆದುರಿಗೆ ಇಡ್ತೀನಿ."

ಅವಳು ಮೂಲೆಯಲ್ಲಿದ್ದ ಬಿರುಕುಬಿಟ್ಟ ಕುದುರೆಯನ್ನು ಎತ್ತಿಕೊಂಡಳು. ಹ್ವಾನ್ ಮಾವ ತಡೆದ. "ಅದನ್ನ ತೋರಿಸಿದ್ರೆ ಮತ್ತೆ ಗೇಲಿ ಅನ್ಕೋತಾರೆ ಕಣೇ. ಇದನ್ನ ತಗೊಂಡು ಹೋಗು," ಎಂದು ತನಗೆ ಅಚ್ಚುಮೆಚ್ಚಿನದನ್ನು ತಾನೇ ಬುಟ್ಟಿಯಲ್ಲಿಟ್ಟು ಸುತ್ತ ನವಣೆ ಹುಲ್ಲು ತುರುಕಿದ. ಜೇನಿನ ಬಣ್ಣದ ಮೈ, ಹಸಿರು ಜೀನು, ಒಂದು ಕಾಲು ಎತ್ತಿ ಕತ್ತು ಹೊರಳಿಸಿ ನಿಂತ ಕುದುರೆ.

ಎರಡು ದಿನದ ದಾರಿ. ಬೆನ್ನ ಮೇಲೆ ಭಾರ, ಕಾಲಡಿ ಹೆಪ್ಪುಗಟ್ಟಿದ ಕೆಸರು. ದಾರಿಯ ಎರಡು ಹಳ್ಳಿಗಳು ಸುಟ್ಟು ಕರಕಲಾಗಿದ್ದವು. ಮೂರು ಸಲ ಜಾರಿದಳು, ಮೂರು ಸಲವೂ ಮೊಣಕಾಲ ಮೇಲೆ ಬಿದ್ದು ಬುಟ್ಟಿಯನ್ನು ಉಳಿಸಿಕೊಂಡಳು.

ಬಿಡಾರದ ಬಾಗಿಲಲ್ಲಿ ಕಾವಲಿನವನು, "ಏನಕ್ಕ, ಗಂಡನ್ನ ಬುಟ್ಟೀಲಿ ಹೊತ್ಕೊಂಡು ಬಂದಿದೀಯಾ?" ಎಂದ.

"ಕುದುರೆ ತಂದಿದೀನಪ್ಪ. ನೀವು ಕೇಳಿದ್ದೇ."

ಅವರು ಬಿದ್ದುಬಿದ್ದು ನಕ್ಕು ತಮಾಷೆಗೆಂದೇ ಒಳಗೆ ಬಿಟ್ಟರು. ಒಳಗೆ ಪಟ್ಟಿ ಹಿಡಿದು ಕೂತಿದ್ದ ಗುಮಾಸ್ತ ಮಾತ್ರ ನಗಲಿಲ್ಲ. "ಪಟ್ಟೀಲಿ ಕುದುರೆ ಅಂತಿದೆ. ಮಣ್ಣು ಅಂತ ಎಲ್ಲಿದೆ ತೋರಿಸು," ಎಂದ.

"ಬರೆದೋರಿಗೂ ಓದೋರಿಗೂ ಗೊತ್ತಿತ್ತು ಧಣಿ. ಅದಕ್ಕೇ ಬರೀಲಿಲ್ಲ."

ಅಷ್ಟರಲ್ಲಿ ದಂಡಿನ ನಾಯಕ ಹೊರಗೆ ಬಂದ. ಕುದುರೆಯನ್ನು ತಿರುಗಿಸಿ ನೋಡಿದ, ಹೊಟ್ಟೆಯ ಕೆಳಗಿನ ತೂತಿನೊಳಗೆ ಬೆರಳು ಹಾಕಿದ, ಕತ್ತಿನ ಮೇಲೆ ಕೈಯಾಡಿಸಿದ. ಆಮೇಲೆ ಗುಮಾಸ್ತನ ಬರೆಯುವ ಕುಂಚ ಕಸಿದು ನಮ್ಮೂರಿನ ಸಾಲಿನ ಮೇಲೆ ಅಡ್ಡಗೆರೆ ಎಳೆದ. ಹೊಡೆತ ತಿಂದಿದ್ದ ಇಬ್ಬರನ್ನೂ ಬಿಡಲು ಹೇಳಿದ. ಅತ್ತೆ ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದಳು.

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದ.

"ನನ್ನ ಗಂಡ," ಎಂದಳು. ಆ ಗಳಿಗೆ ತನಗೆ ಹೆಮ್ಮೆಯಾಯಿತು ಎಂದು ಅವಳೇ ಒಮ್ಮೆ ನನ್ನ ಹತ್ತಿರ ಹೇಳಿದ್ದಾಳೆ.

"ಕುದುರೇನ ಇಷ್ಟು ಬಲ್ಲವನು ಮನೇಲಿ ಮಣ್ಣು ಕಲಸ್ತಾ ಕೂತಿದಾನಾ? ನನ್ನ ಲಾಯದಲ್ಲಿ ಅರ್ಧಕ್ಕರ್ಧ ಕಾಯಿಲೆ ಬಿದ್ದಿವೆ. ಕರ್ಕೊಂಡು ಬನ್ನಿ ಅವನನ್ನ."

"ಅಯ್ಯೋ ಧಣಿ, ಅವರಿಗೆ ಕುದುರೆ ಕಂಡ್ರೆ ಜೀವಭಯ! ಹತ್ರಾನೂ ಹೋದೋರಲ್ಲ!"

ನಾಯಕ ಗಹಗಹಿಸಿ ನಕ್ಕ. "ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳಮ್ಮ," ಎಂದು ಒಳಗೆ ಹೋದ.

ಇಬ್ಬರು ಸವಾರರು ಅವಳ ಹಿಂದೆ ಹೊರಟರು. ಅವಳೇ ಮುಂದೆ ನಡೆದು ದಾರಿ ತೋರಿಸಬೇಕು. ದಾರಿ ತಪ್ಪಿಸೋಣವೆಂದರೆ ಊರಿನ ಹೆಸರು ಪಟ್ಟಿಯಲ್ಲಿದೆ. ಲೋ ನದಿಯ ಸೇತುವೆಯ ಮೇಲೆ ನಿಂತು ಹಾರಿಬಿಡಲೇ ಎಂದುಕೊಂಡಳಂತೆ. ತಾನು ಸತ್ತರೂ ಅವರು ಹೋಗಿ ಅವನನ್ನು ಹಿಡಿಯುತ್ತಾರೆ, ಕೊನೆಗೆ ಅವನ ಮುಖ ನೋಡುವುದೂ ತಪ್ಪುತ್ತದೆ ಎಂದು ಮತ್ತೆ ನಡೆದಳು.

ಬಿಡುಗಡೆಯಾದ ಇಬ್ಬರು ಮೊದಲೇ ಓಡಿಬಂದು ಊರು ಪಾರಾದ ಸುದ್ದಿ ಮುಟ್ಟಿಸಿದ್ದರು. ಊರಿಗೆ ಊರೇ ಎದುರು ಬಂದಿತ್ತು. ಹ್ವಾನ್ ಮಾವ ಎಲ್ಲರಿಗಿಂತ ಮುಂದೆ ನಿಂತು ನಗುತ್ತಿದ್ದ. ಅತ್ತೆ ಅವನ ಕಾಲ ಬುಡದಲ್ಲಿ ಕುಸಿದಳು. ಸವಾರರು ವಿಷಯ ಹೇಳಿದಾಗ ಅವನ ಮುಖ ಸುಣ್ಣದಂತಾಯಿತು. ತುಂಗ್ ಬೇಡಿಕೊಂಡ. ಸವಾರನೊಬ್ಬ ಚಾಟಿ ಎತ್ತಿದ.

ಹೊರಡುವಾಗ ಹ್ವಾನ್ ಮಾವ ಹೆಂಡತಿಯ ಕೈಹಿಡಿದು ಕೇಳಿದ: "ಹಿಂದ್ಗಡೆಯಿಂದ ಹೋದ್ರೆ ತಾನೇ ಅವು ಒದೆಯೋದು? ನಾನು ಮುಂದ್ಗಡೆಯಿಂದಾನೇ ಹೋಗ್ತೀನಿ ಬಿಡೇ."

ಮೂರು ವರ್ಷ ಅತ್ತೆ ಹೆದ್ದಾರಿಯ ಪಕ್ಕದಲ್ಲಿ ನಿಂತು ಬಂದ ಬಂದ ದಂಡಿನವರನ್ನೆಲ್ಲ ಕೇಳಿದಳು. ಹುಚ್ಚಿ ಎಂದು ಉಗಿದವರಿದ್ದರು. ಕೊನೆಗೊಬ್ಬ ಗಾಡಿಯವನು ಗುರುತು ಹಿಡಿದ. "ಸಣಕಲು ಆಸಾಮಿ, ಕುಂಬಾರ ಅಲ್ವಾ? ಬಂದು ಒಂದು ತಿಂಗಳೂ ಆಗಿರ್ಲಿಲ್ಲ ತಾಯಿ. ಗಾಯ ಆಗಿದ್ದ ಕುದುರೆ, ಹೊಟ್ಟೆಗೆ ಒದೀತು. ಎರಡು ದಿನ ನರಳಿದ." ಎಲ್ಲಿ ಹೂಳಿದರು ಎಂದು ಅವನಿಗೆ ಗೊತ್ತಿರಲಿಲ್ಲ.

ಗಂಡನ ಅಂಗಿಯೊಂದನ್ನು ಮಡಿಸಿ ಗುಡ್ಡದ ಇಳಿಜಾರಿನಲ್ಲಿ ಹೂಳಿದಳು. ಯುದ್ಧ ಮುಗಿದ ಮೇಲೆ ದೊಡ್ಡ ಗೋರಿಗಳನ್ನು ಕಟ್ಟುವವರು ಉಳಿದಿರಲಿಲ್ಲ. ಅವಳು ಅಂಗೈಯಗಲದ ನಾಯಿ, ಕೋಳಿ, ಹಂದಿಮರಿ ಮಾಡಿ ಬಡವರ ಗೋರಿಗಳಿಗೆ ಕೊಟ್ಟು ಅರವತ್ತೆಂಟನೆಯ ವಯಸ್ಸಿನವರೆಗೆ ಬದುಕಿದಳು. ಕುದುರೆಯನ್ನು ಯಾರು ಕೇಳಿದರೂ ಮಾಡಲಿಲ್ಲ.

ಪ್ರತಿ ಹೊಸವರ್ಷಕ್ಕೆ ಊರವರು ಬಿಸಿ ರೊಟ್ಟಿ, ಕುರಿಮಾಂಸ ಹಿಡಿದು ಅವಳ ಬಾಗಿಲಿಗೆ ಬರುತ್ತಿದ್ದರು. ಅವಳು ಅಗುಳಿ ಹಾಕಿಕೊಂಡು ಕೂರುತ್ತಿದ್ದಳು.

"ಬಾಗಿಲು ತೆಗಿಯೇ ವೂನಿಯಾಂಗ್," ಎಂದು ತುಂಗನ ಹೆಂಡತಿ ಹೊರಗಿನಿಂದ ಕೂಗುತ್ತಿದ್ದಳು. "ನನ್ನ ಮೂವರು ಗಂಡುಮಕ್ಕಳು ಬದುಕಿರೋದು ನಿನ್ನಿಂದ."

"ನನಗೆ ಗೊತ್ತು ಅಕ್ಕ," ಎನ್ನುತ್ತಿದ್ದಳು ಅತ್ತೆ ಒಳಗಿನಿಂದ. "ನೀನು ಹೋಗು. ಮಕ್ಕಳಿಗೆ ಊಟಕ್ಕೆ ಹೊತ್ತಾಯ್ತು."