ಅರವತ್ತು ದಿನ ಎಲ್ಲಿಂದ ಎಣಿಸುವುದು

ಹಡಗಿನ ಕೆಲಸಕ್ಕೆ ಮತ್ತೆ ಹೋಗಲೋ ಬೇಡವೋ ಎಂದು ತಮ್ಮ ನನ್ನನ್ನು ಕೇಳಿದ್ದು ಒಂದು ಭಾನುವಾರ ಬೆಳಗ್ಗೆ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ ಎಂದು ನೆನಪು. ಆದರೆ ಆ ನೆನಪಿನಲ್ಲಿ ಕಿಟಕಿಯಾಚೆ ಸೇಬಿನ ಗಿಡ ಹೂ ಬಿಟ್ಟಿದೆ. ಕರೆ ಬಂದದ್ದು ಚಳಿಗಾಲದ ನಡುವೆ, ಗಿಡದಲ್ಲಿ ಎಲೆಯೂ ಇರದ ದಿನಗಳಲ್ಲಿ. ಹೂವನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಇನ್ನೇನೇನು ಸೇರಿಸಿಕೊಂಡಿದ್ದೇನೆ ಎನ್ನುವುದೇ ಈಗ ನನ್ನ ತೊಂದರೆ.

ತಮ್ಮ ತೈಲದ ಹಡಗುಗಳಲ್ಲಿ ಎಂಜಿನಿಯರ್. ಅವನ ಹೆಂಡತಿ ಹುಬ್ಬಳ್ಳಿಯಲ್ಲಿದ್ದಾಳೆ. ನಾನು ಬರ್ಮಿಂಗ್‌ಹ್ಯಾಮಿನ ಉತ್ತರದಂಚಿನ ಒಂದು ಸರ್ಜರಿಯಲ್ಲಿ, ಅಂದರೆ ಇಲ್ಲಿನವರ ಮಾತಿನಲ್ಲಿ ಕ್ಲಿನಿಕ್ಕಿನಲ್ಲಿ, ಜಿಪಿ, ಸಾಮಾನ್ಯ ವೈದ್ಯೆ; ಮನೆ ಸಟನ್ ಕೋಲ್ಡ್‌ಫೀಲ್ಡಿನಲ್ಲಿ. ನಮ್ಮ ಕುಟುಂಬದಲ್ಲಿ ಯಾವ ದೊಡ್ಡ ನಿರ್ಧಾರವಿದ್ದರೂ ಕೊನೆಗೆ ಇಂಗ್ಲೆಂಡಿಗೊಂದು ಫೋನ್ ಬರುತ್ತದೆ. ಮೊಣಕಾಲಿನ ಆಪರೇಷನ್ ಬಗ್ಗೆ ಕೇಳಿದರೆ ಸರಿ. ಗಂಡು ನೋಡುವುದು, ಕಾರು ಕೊಳ್ಳುವುದು, ಕೆನಡಾದ ವೀಸಾ ಎಲ್ಲವನ್ನೂ ಕೇಳುತ್ತಾರೆ. ದೂರ ಬಂದವಳಿಗೆ ಹೆಚ್ಚು ಕಾಣುತ್ತದೆಂಬ ನಂಬಿಕೆ. ನನಗೆ ಗೊತ್ತಿಲ್ಲ ಎಂದು ನಾನೂ ಎಂದೂ ಹೇಳಿದವಳಲ್ಲ.

“ಅಕ್ಕಾ, ನಾಕ್ ತಿಂಗಳ ಕಾಂಟ್ರ್ಯಾಕ್ಟ್. ಗಲ್ಫ್‌ನಾಗ ಎಣ್ಣಿ ತುಂಬ್ಕೊಂಡು ಬರೂದು,” ಅಂದ ತಮ್ಮ. “ಅಮೆರಿಕಾದ ಅಧ್ಯಕ್ಷ ನೋಡಿದ್ರ ಇರಾನ್ ಮ್ಯಾಲೆ ಬಾಂಬ್ ಹಾಕ್ತೀನಿ ಅಂತ ದಿನಾ ಹೇಳಾಕತ್ತಾನ. ಇಕಿ ಬ್ಯಾಡ ಅಂತಾಳ. ನೀ ಏನಂತಿ?”

ಅದಕ್ಕೆ ಎರಡು ದಿನ ಮೊದಲು, ಕೆಲಸಕ್ಕೆ ಹೋಗುವಾಗ, ಕಾರಿನ ರೇಡಿಯೊದಲ್ಲಿ ಇದೇ ವಿಷಯ ಬಂದಿತ್ತು. ಅಮೆರಿಕದಲ್ಲಿ ಯುದ್ಧ ಸಾರುವ ಅಧಿಕಾರ ಅಧ್ಯಕ್ಷನದಲ್ಲ, ಕಾಂಗ್ರೆಸ್ಸಿನದು. ಅವನನ್ನು ಕಟ್ಟಿಹಾಕಲು ಅರವತ್ತು ದಿನಗಳ ಒಂದು ಕಾನೂನಿದೆ ಎಂದು ಯಾರೋ ವಿವರಿಸುತ್ತಿದ್ದರು. ಅಷ್ಟರಲ್ಲಿ ಸರ್ಜರಿ ಬಂತು. ಕಾರು ನಿಲ್ಲಿಸಿ ರೇಡಿಯೊ ಆರಿಸಿದೆ.

“ಅಂವ ಒಬ್ಬನ ಮನಸ್ಸು ಮಾಡಿದ್ರ ಯುದ್ಧ ಆಗಂಗಿಲ್ಲೋ,” ಅಂದೆ. “ಅಲ್ಲೆ ನಮ್ಮ ಪಾರ್ಲಿಮೆಂಟಿನಂಥಾದ್ದು ಐತಿ. ಅವರು ಒಪ್ಪಬೇಕು. ಅರವತ್ತು ದಿನದ್ದೊಂದು ಕಾನೂನು ಐತಿ.”

“ಅಂದ್ರ ಎರಡು ತಿಂಗಳ ಮೊದಲ ಗೊತ್ತಾಗತೈತಿ?”

“ಗೊತ್ತಾಗತೈತಿ.”

“ಹಂಗಿದ್ರ ನಡುವ ಯಾವುದಾರ ಬಂದರದಾಗ ಇಳದು ಬಂದು ಬಿಡ್ತೀನಿ. ಕೇಳಿದಿ ಏನ?” ಎಂದು ಅವನು ಪಕ್ಕದಲ್ಲಿದ್ದ ಹೆಂಡತಿಗೆ ಹೇಳಿದ. “ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. ಇನ್ನ ಅಪೀಲಿಲ್ಲ.”

ಫೋನು ಸ್ಪೀಕರಿನಲ್ಲಿದೆ ಎಂದು ಆಗ ತಿಳಿಯಿತು. ಹಿಂದಿನಿಂದ ಅವಳ ‘ಹೂಂ’ ಕೇಳಿಸಿತು. ಮರುವಾರ ಅವನು ಹಡಗು ಹತ್ತಿದ.

ಇಪ್ಪತ್ತು ವರ್ಷಗಳಿಂದ ನಾನು ಯಾವ ರೋಗಿಯನ್ನೂ ಬರೀ ಧೈರ್ಯ ಹೇಳಿ ಕಳಿಸಿಲ್ಲ. ಇದು ಬಹುಶಃ ಏನೂ ಅಲ್ಲ, ಆದರೆ ಜ್ವರ ಬಂದರೆ, ನೋವು ಹೆಚ್ಚಾದರೆ, ಆ ದಿನವೇ ಬನ್ನಿ ಎನ್ನುತ್ತೇನೆ. ಹಾಗೆ ಹೇಳಿದ್ದನ್ನು ರೆಕಾರ್ಡಿನಲ್ಲಿ ಟೈಪೂ ಮಾಡುತ್ತೇನೆ. ಗಂಟಲುನೋವಿಗೆ ಸೇರಿಸುವ ಆ ‘ಬಹುಶಃ’ವನ್ನು ಸ್ವಂತ ತಮ್ಮನಿಗೆ ಸೇರಿಸಲಿಲ್ಲ.

ಬಾಂಬು ಬಿದ್ದ ಸುದ್ದಿ ಬಂದದ್ದು ಕೆಲವು ವಾರಗಳ ನಂತರ, ಒಂದು ಶನಿವಾರ ತಿಂಡಿಯ ಹೊತ್ತಿಗೆ. ನನ್ನ ಗಂಡ ಮೈಸೂರಿನವರು, ಸುಲಭಕ್ಕೆ ಗಾಬರಿಯಾಗುವವರಲ್ಲ. ಅಂದು ಮಾತ್ರ ತಟ್ಟೆ ಬದಿಗಿಟ್ಟು ಕೇಳಿದರು: “ನಿನ್ನ ತಮ್ಮ ಈಗ ಎಲ್ಲಿದಾನೆ?”

“ಗಲ್ಫಿನ ಒಳಗೇ ಇದಾನೆ. ಎಣ್ಣೆ ತುಂಬೋಕೆ ಹೋಗಿದಾರೆ. ಆದರೆ ವೋಟೇ ಆಗಿಲ್ಲವಲ್ಲ? ಅರವತ್ತು ದಿನ ಆಗಬೇಕಲ್ಲ?”

ಮಗಳು ಫೋನಿನಿಂದ ತಲೆಯೆತ್ತಿದಳು. ಅವಳು ಇಲ್ಲಿನ ಪಿಯುಸಿಯಂಥ ಎ-ಲೆವೆಲ್‌ಗೆ ರಾಜಕೀಯಶಾಸ್ತ್ರ ಓದುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ.

“ನೋ, ಮಮ್. ದಟ್ಸ್ ಆಫ್ಟರ್, ನಾಟ್ ಬಿಫೋರ್. ಹೂ ಟೋಲ್ಡ್ ಯು ಬಿಫೋರ್?”

ಯಾರೂ ಹೇಳಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಧ್ಯಕ್ಷ ಮೊದಲು ಸೈನ್ಯ ನುಗ್ಗಿಸಬಹುದು. ಆಮೇಲೆ ನಲವತ್ತೆಂಟು ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು. ಅವರು ಒಪ್ಪದಿದ್ದರೆ ಅರವತ್ತು ದಿನಗಳಲ್ಲಿ ನಿಲ್ಲಿಸಬೇಕು. ಅದನ್ನೂ ಎಲ್ಲ ಅಧ್ಯಕ್ಷರು ಪಾಲಿಸಿದ್ದಾರೆಂದೇನಿಲ್ಲ, ಪರೀಕ್ಷೆಯಲ್ಲಿ ಅದೊಂದು ಪ್ರಶ್ನೆ ಬರಬಹುದು ಎಂದಳು. ನಾನು ಮುಚ್ಚಿದ ಬಾಗಿಲೆಂದು ತಿಳಿದದ್ದು, ಒಳಗೆ ನುಗ್ಗಿದ ಮೇಲೆ ಓಡತೊಡಗುವ ಗಡಿಯಾರ.

ಆ ದಿನವೇ ಹಳೆಯ ಪುಟ ತೆಗೆದು ನೋಡಿದೆ. ಮೂವತ್ತು ವರ್ಷಗಳಿಂದ ಡೈರಿ ಬರೆಯುತ್ತಿದ್ದೇನೆ, ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲದ್ದರಿಂದ. ಆ ಭಾನುವಾರದ ಪುಟದಲ್ಲಿ ಮೂರು ಸಾಲು: ‘ಮನೆಯ ಬಾಯ್ಲರ್ ಮತ್ತೆ ಕೆಟ್ಟಿತು, ಚಳಿ. ತಮ್ಮನ ಫೋನ್, ಹೋಗು ಅಂದೆ. ಮಳೆ.’ ಅಷ್ಟೆ. ಆದರೆ ಪುಟ ಮುಚ್ಚಿ ಒಂದು ಗಂಟೆಯಾಗುವುದರೊಳಗೆ, ನಾನು ‘ಬಹುಶಃ’ ಎಂದದ್ದು, ಅವನು ‘ಹಂಗಂದ್ರ?’ ಎಂದು ಕೇಳಿದ್ದು, ಸ್ಪಷ್ಟವಾಗಿ ನೆನಪಾಗತೊಡಗಿತು. ಸೇಬಿನ ಹೂವಿನಷ್ಟೇ ಸ್ಪಷ್ಟವಾಗಿ.

ಹಡಗು ಕೊಲ್ಲಿಯೊಳಗೇ ಸಿಕ್ಕಿಕೊಂಡಿತು. ಹೊರಬರುವ ಜಲಸಂಧಿ ಅಪಾಯವೆಂದು ಹತ್ತಾರು ಹಡಗುಗಳ ನಡುವೆ ಲಂಗರು ಹಾಕಿ ನಿಂತಿತು. ತಮ್ಮನ ಸಂದೇಶಗಳು ಒಮ್ಮೆ ಬಂದರೆ ಮೂರು ದಿನ ಇಲ್ಲ. ಒಂದು ಮಧ್ಯಾಹ್ನ ಅವನ ಹೆಂಡತಿಯ ಧ್ವನಿಸಂದೇಶ ಬಂತು. ಸರ್ಜರಿಯ ಕಾರ್ ಪಾರ್ಕಿನಲ್ಲಿ, ಜಿನುಗು ಮಳೆಯಲ್ಲಿ, ಕಾರಿನೊಳಗೆ ಕೂತು ಕೇಳಿದೆ.

“ಅಕ್ಕಾರ, ನಿಮ್ಮ ಮ್ಯಾಲೆ ಸಿಟ್ಟಿಲ್ಲರಿ. ಆದ್ರ ನೀವು ಹೇಳಿದ್ರಿ ಅಂತನ ನಾ ಹೂಂ ಅಂದೆ. ಈಗ ಅವರು ಯಾವಾಗ ಇಳೀತಾರ, ಅದನ್ನೂ ನೀವ ಹೇಳ್ರಿ.”

ಸಿಟ್ಟಿದ್ದರೆ ಒಳ್ಳೆಯದಿತ್ತು. ಫೋನು ಚೀಲಕ್ಕೆ ಹಾಕಿ ಒಳಗೆ ಹೋದೆ. ಅಂದಿನ ಪಟ್ಟಿಯಲ್ಲಿ ಬಹಳ ವರ್ಷಗಳಿಂದ ಬರುತ್ತಿದ್ದ ಇರಾನಿ ಹೆಂಗಸೊಬ್ಬರಿದ್ದರು. ನಿದ್ರೆಯ ಮಾತ್ರೆ ಬೇಕಿತ್ತು. ಇರಾನಿನಲ್ಲಿ ಅವರ ಅಕ್ಕ ಇದ್ದಾರೆ, ಒಂಬತ್ತು ದಿನದಿಂದ ಫೋನ್ ಹತ್ತುತ್ತಿಲ್ಲ. ಬರೆದುಕೊಟ್ಟ ಮೇಲೂ ಅವರು ಏಳಲಿಲ್ಲ. “ಡಾಕ್ಟರ್, ಇದು ಯಾವಾಗ ನಿಲ್ಲುತ್ತದೆ?” ಎಂದರು. ನನ್ನನ್ನೇಕೆ ಕೇಳಿದರೋ. ಬೇರೆ ಯಾರನ್ನು ಕೇಳಬೇಕೆಂದು ಅವರಿಗೂ ತಿಳಿದಿರಲಿಲ್ಲವೇನೋ. ಗೊತ್ತಿಲ್ಲ ಎಂದೆ. ಅವರು ತಲೆದೂಗಿ ಕೋಟು ಹಾಕಿಕೊಂಡು ಹೋದರು. ‘ಗೊತ್ತಿಲ್ಲ’ ಎನ್ನುವುದು ಅಷ್ಟೇನೂ ಕಷ್ಟವಿರಲಿಲ್ಲ.

ಮುಂದಿನ ಭಾನುವಾರ ತಮ್ಮನ ಕರೆ ಬಂತು. ಹಿಂದೆ ಜನರೇಟರಿನ ಸದ್ದು.

“ಊಟ ಆತೇನಕ್ಕಾ? ನಮ್ಮ ಹಡಗ ಎಲ್ಲೈತಿ ಗೊತ್ತೈತೇನು? ಜಿಪಿಎಸ್ ಸಿಗ್ನಲ್ ಕೆಡಸ್ಯಾರ. ಪರದೆ ಮ್ಯಾಲೆ ವಿಮಾನ ನಿಲ್ದಾಣದ ನಡುವ ನಿಂತೈತಿ. ಇಲ್ಲಿಂದನ ಟಿಕೆಟ್ ತಗೊಂಡ್ರ ನೆಟ್ಟಗ ಹುಬ್ಬಳ್ಳಿ.”

“ಚ್ಯಾಷ್ಟಿ ಸಾಕು. ಯಾವಾಗ ಇಳಸ್ತಾರ?”

“ಬದಲಿ ಮಂದಿ ಬಂದ್ರ ಇಳೀಬಹುದು. ಇಲ್ಲಿಗೆ ಯಾರು ಬರ್ತಾರ?” ಆಮೇಲೆ ದನಿ ತಗ್ಗಿಸಿದ: “ನಿನ್ನೆ ಬಾಜೂ ಹಡಗಿಗೆ ಬೆಂಕಿ ಹತ್ತಿತ್ತು. ಅಕಿಗೆ ಹೇಳಬ್ಯಾಡ. ಲಿಂಗದ ಕರಡಿಗಿ ಕೆಲಸದ ಬಾಯ್ಲರ್ ಸೂಟಿನ ಕಿಸೇದಾಗ ಇಟ್ಕೊಂಡೀನಿ, ನೀರಿಗೆ ಹಾರೂ ಪ್ರಸಂಗ ಬಂದ್ರ ಇರ್ಲಿ ಅಂತ.”

“ಅರವತ್ತು ದಿನದ ಮಾತು ನಾ ತಪ್ಪು ಹೇಳಿದ್ದೆ,” ಅಂದೆ. “ಅದು ಯುದ್ಧ ಸುರು ಆದ ಮ್ಯಾಲಿಂದು. ಪೂರ್ತಿ ಕೇಳದ ಹೇಳಿಬಿಟ್ಟೆ.”

“ನೀ ಹಂಗ ಹೇಳೇ ಇಲ್ಲ,” ಅಂದ. “‘ನನಗ ಖಾತ್ರಿ ಇಲ್ಲೋ, ನೀನ ವಿಚಾರ ಮಾಡು’ ಅಂದಿದ್ದಿ. ನನಗ ಪಕ್ಕಾ ನೆನಪೈತಿ. ಬೇಕಾದ್ರ ಬರಕೋ. ದಿನಾ ಬರೀತಿಯಲ್ಲ.”

“ಹೌದಾ?”

“ಹೂಂ.”

ಲೈನು ಕಡಿಯಿತು. ‘ಖಾತ್ರಿ ಇಲ್ಲೋ’ ಎಂಬ ಆ ವಾಕ್ಯ ನನ್ನದೇ ಧ್ವನಿಯಲ್ಲಿ ಕೇಳಿಸತೊಡಗಿತ್ತು. ಒಂದು ವಾರ ಬಿಟ್ಟರೆ ನಿಜವಾಗಿಬಿಡುತ್ತಿತ್ತು. ಅವನು ಹಡಗಿನ ಮೇಲೆ ಕೂತು ನನಗಾಗಿ ಆ ಸುಳ್ಳನ್ನು ಯಾವಾಗ ಹೊಂದಿಸಿಟ್ಟುಕೊಂಡನೋ ತಿಳಿಯದು. ಡೈರಿ ತೆಗೆದು ಬರೆದೆ: ‘ತಮ್ಮ ಮಾತಾಡಿದ. ಯುದ್ಧ ಮೊದಲೇ ಗೊತ್ತಾಗುತ್ತದೆಂದು ನಾನು ಹೇಳಲಿಲ್ಲ ಎನ್ನುತ್ತಾನೆ. ಹೇಳಿದ್ದೆ. ಅವನ ಹೆಂಡತಿ ಕೇಳಿಸಿಕೊಂಡಿದ್ದಾಳೆ.’

ಆಮೇಲೆ ಅವಳಿಗೆ ಧ್ವನಿಸಂದೇಶ ಕಳಿಸಿದೆ. ಎರಡು ಸಲ ಅಳಿಸಿ, ಮೂರನೆಯ ಸಲ ಕಳಿಸಿದ್ದು: “ಅಂವ ಯಾವಾಗ ಇಳೀತಾನ ನನಗ ಗೊತ್ತಿಲ್ಲವ್ವಾ. ಅವತ್ತೂ ಗೊತ್ತಿರಲಿಲ್ಲ.”

ಅವಳು ಕೇಳಿದ್ದಾಳೆಂದು ಫೋನು ತೋರಿಸುತ್ತಿದೆ. ನಾಲ್ಕು ದಿನವಾಯಿತು. ಅವಳಿಂದ ಉತ್ತರವಿಲ್ಲ, ಹಡಗಿನಿಂದಲೂ ಇಲ್ಲ.