ಎಡಗೈಗೆ ಕೆತ್ತಿದ ಬೊರು

ನಾನು ಚಿಕ್ಕವನಿದ್ದಾಗ ಯಾವ ಕೆಲಸಕ್ಕೂ ಎಡಗೈಯೇ ಮುಂದೆ ಬರುತ್ತಿತ್ತು. ಊಟಕ್ಕೆ ಕುಳಿತಾಗ ಅಕ್ಕ ಆ ಕೈಯನ್ನು ಮೆಲ್ಲಗೆ ನನ್ನ ತೊಡೆಯ ಕೆಳಗೆ ಸೇರಿಸುತ್ತಿದ್ದಳು. ಮೊಮ್ಮಕ್ಕಳೇ, ಮೊನ್ನೆ ನೀವು ಮೇಡ್ಲೇರಿಗೆ ತೀರಿಕೊಂಡ ಅಜ್ಜಿಯ ಮಣ್ಣಿಗೆಂದು ಬಂದಿದ್ದಿರಲ್ಲ, ಆ ಅಜ್ಜಿಯೇ ನನ್ನ ಅಕ್ಕ. ಅಜ್ಜ, ನೀನು ಯಾಕೆ ಅಳಲಿಲ್ಲ ಎಂದು ಬರುವಾಗ ಬಸ್ಸಿನಲ್ಲಿ ಕೇಳಿದಿರಿ. ನನಗೂ ಗೊತ್ತಿಲ್ಲ. ಅಕ್ಕನ ಒಂದು ದಿನದ ಸಂಗತಿ ನೆನಪಿದೆ. ಅದನ್ನು ಬರೆಯುತ್ತೇನೆ.

ನಮ್ಮ ಸಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಬಳಪದಿಂದ ಬರೆಯುವ ಪಾಟಿ, ಮೂರನೆಯದರಿಂದ ಕಾಗದ. ಕಾಗದದ ಮೇಲೆ ಬರೆಯಲು ಬೊರು ಬೇಕಿತ್ತು. ಬೊರು ಎಂದರೆ ಹೊಳೆದಂಡೆಯ ಜೊಂಡನ್ನು ಒಣಗಿಸಿ, ತುದಿಯನ್ನು ಓರೆಯಾಗಿ ಕೆತ್ತಿ, ನಡುವೆ ಸಣ್ಣ ಸೀಳು ಬಿಟ್ಟ ಲೇಖಣಿ. ಅಳಲೆಕಾಯಿ ಜಜ್ಜಿ ಕುದಿಸಿದ ನೀರಿಗೆ ದೀಪದ ಕಾಡಿಗೆ, ಜಾಲಿಮರದ ಅಂಟು ಕಲಸಿದರೆ ಮಸಿ. ಅದರ ಒಗರು ವಾಸನೆ ಬೆರಳಿನಿಂದ ಹೋಗುತ್ತಿರಲಿಲ್ಲ. ಊಟದ ರೊಟ್ಟಿಗೂ ಅದೇ ವಾಸನೆ.

ನನ್ನ ಕೈಗೆ ಬೊರು ಒಗ್ಗಲಿಲ್ಲ. ಎಡಗೈಯಲ್ಲಿ ಹಿಡಿದರೆ ಅದರ ಚೂಪಾದ ಮೂಲೆ ಸಿಕ್ಕಿ ಕಾಗದ ಹರಿಯುತ್ತಿತ್ತು, ಮಸಿ ಸಿಡಿಯುತ್ತಿತ್ತು. ಬಲಗೈಯಲ್ಲಿ ಹಿಡಿದರೆ ಅಕ್ಷರವೇ ಮೂಡುತ್ತಿರಲಿಲ್ಲ. ಕಡೆಗೆ ಮಾಸ್ತರರು, ನಾಳೆ ಒಂದು ಸಾಲು ಚೊಕ್ಕವಾಗಿ ಬರೆಯದಿದ್ದರೆ ಪಾಟಿ ಹಿಡಿದು ಸಣ್ಣ ಹುಡುಗರ ಜೊತೆ ಕೂರಬೇಕು ಎಂದರು.

ಮರುದಿನ ಬೆಳಿಗ್ಗೆ ಅಪ್ಪ ಎತ್ತುಗಳಿಗೆ ಮೇವು ಹಾಕುತ್ತ ಇದನ್ನು ಕೇಳಿದರು.

“ಬರೀಲಿಕ್ಕೆ ಆದ್ರ ಬರಿ, ಇಲ್ಲಂದ್ರ ಸಾಲಿ ಬಿಡು. ಎತ್ತಿನ ಹಿಂದ ಯಾವ ಕೈ ಆದ್ರೂ ನಡಿತೈತಿ.”

ಅಪ್ಪ ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನಾನು ನಂಬಿದೆ.

ಅಕ್ಕ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. ಕೈ ತೊಳೆದು, ಚಾಕು ತೆಗೆದುಕೊಂಡು, “ಬಾರೋ ಎಡಚಪ್ಪ” ಎಂದು ನನ್ನನ್ನು ಹೊಳೆಗೆ ಕರೆದುಕೊಂಡು ಹೋದಳು. ಮರಳು ಇನ್ನೂ ತಣ್ಣಗಿತ್ತು. ಒಣಗಿ ನಿಂತ ಜೊಂಡನ್ನು ಆರಿಸಿ ಮುರಿದು, ಬಂಡೆಯ ಮೇಲೆ ಕುಳಿತಳು.

“ಹೆಂಗ ಹಿಡೀತಿ, ತೋರ್ಸು.”

ಹಿಡಿದು ತೋರಿಸಿದೆ. ಬಹಳ ಹೊತ್ತು ನನ್ನ ಕೈ ನೋಡಿದಳು.

“ಎಲ್ಲಾರ ಕೈ ಆ ಕಡಿಂದ ಬರತೈತಿ, ನಿಂದು ಈ ಕಡಿಂದ. ಇದರ ಮೂತಿ ತಿರುವಿದ್ರ ಆತು.”

ಓರೆಯನ್ನು ಉಲ್ಟಾ ಕೆತ್ತತೊಡಗಿದಳು. ಒಂದು ಸೀಳಿಹೋಯಿತು. ಇನ್ನೊಂದರ ತುದಿ ಮೊಂಡಾಯಿತು. ಆಮೇಲೆ ಕೆತ್ತಿದ್ದನ್ನು ನನಗೆ ಕೊಡಲಿಲ್ಲ. ನನ್ನ ಸಾಲೆಯ ಚೀಲದಿಂದ ಕಾಗದ, ಮಸಿ ಕೇಳಿ ತೆಗೆದುಕೊಂಡು, ಬೊರುವನ್ನು ತನ್ನ ಎಡಗೈಯಲ್ಲಿ ಹಿಡಿದು, ಮಸಿಯಲ್ಲಿ ಅದ್ದಿ, ಗೆರೆ ಎಳೆದು ನೋಡಿದಳು. ಗೆರೆಗಳೆಲ್ಲ ಸೊಟ್ಟ. ಆದರೆ ಕಾಗದ ಹರಿಯಲಿಲ್ಲ.

“ನಗಬ್ಯಾಡ. ನಿನ್ನ ಬಲಗೈ ಇದಕ್ಕಿಂತ ಛಲೋ ಏನ್ ಬರದಿಲ್ಲ.”

ಬೊರು ಕೈಗೆ ಕೊಡುತ್ತ ಇನ್ನೊಂದು ಮಾತು ಹೇಳಿದಳು. “ಕೈ ಸಾಲಿನ ಕೆಳಗ ಇರ್ಲಿ. ಮ್ಯಾಲೆ ಇಟ್ರ ಬರದದ್ದನ್ನೆಲ್ಲಾ ಒರಸ್ಕೊಂತ ಹೋಗ್ತಿ, ಅಂಗಳ ಸಾರಿಸಿದಂಗ.”

ಸಾಲೆಯಲ್ಲಿ ಮಾಸ್ತರರು ನನ್ನ ಪಕ್ಕದಲ್ಲೇ ನಿಂತರು. ತುಂಗಭದ್ರಾ ನದಿ ನಮ್ಮೂರ ಹತ್ತಿರ ಹರಿಯುತ್ತದೆ ಎಂದು ಬರೆಯಲು ಹೇಳಿದರು. ಎಡಗೈಯಲ್ಲೇ ಬರೆದೆ. ಬೊರು ಕಿರ್ ಕಿರ್ ಎನ್ನುತ್ತಿತ್ತು, ಹುಡುಗರೆಲ್ಲ ಮಾಸ್ತರರ ಕೈಯ ಬೆತ್ತವನ್ನೇ ನೋಡುತ್ತಿದ್ದರು. ಸಾಲು ಮುಗಿಯಿತು. ಅಕ್ಷರಗಳು ಸ್ವಲ್ಪ ಹಿಂದಕ್ಕೆ ವಾಲಿದ್ದವು, ಆದರೆ ಮಸಿ ಎಲ್ಲಿಯೂ ಚೆಲ್ಲಿರಲಿಲ್ಲ. ಮಾಸ್ತರರು ಕೆಳಗೆ ಸಹಿ ಹಾಕಲು ನನ್ನ ಬೊರುವನ್ನೇ ಎತ್ತಿಕೊಂಡರು. ಅದು ಸಿಕ್ಕಿಕೊಂಡು ಅವರ ಧೋತರದ ಮೇಲೆ ಮಸಿ ಸಿಡಿಯಿತು.

“ಇದೇನೋ, ಬೆಕ್ಕಿನಂಗ ಪರಚತೈತಿ?”

“ಅದು ನನ್ನ ಕೈಗೆ ಮಾಡಿದ್ದು ರೀ, ಗುರುಗಳ.”

“ಯಾರು ಮಾಡಿದ್ರು?”

“ಅಕ್ಕ ರೀ.”

ಅವರು ಧೋತರ ನೋಡಿಕೊಂಡರು, ಕಾಗದ ನೋಡಿದರು. “ಇಲ್ಲೇ ಕುಂದ್ರು” ಎಂದು ಮುಂದಿನ ಹುಡುಗನ ಕಡೆ ಹೋದರು.

ಸಂಜೆ ಅಪ್ಪನಿಗೆ ಕಾಗದ ತೋರಿಸಿದೆ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ಅದನ್ನು ಬೆಳಕಿಗೆ ಹಿಡಿದರು.

“ಹರದಿಲ್ಲಲ್ಲ?”

“ಇಲ್ಲಪ್ಪ.”

“ಹಂಗಾರ ನಾಳೆನೂ ಹೋಗು.”

ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಆಕೆಯನ್ನು ಎರಡನೇ ಇಯತ್ತೆಗೇ ಬಿಡಿಸಿದ್ದರು. ನಾನು ಓದಿದೆ, ನೌಕರಿ ಮಾಡಿದೆ. ಅಕ್ಕ ಪಾಟಿ ಬಿಟ್ಟು ಕಾಗದದ ಮೇಲೆ ಎಳೆದದ್ದು, ನನಗೆ ಗೊತ್ತಿರುವ ಮಟ್ಟಿಗೆ, ಆ ಸೊಟ್ಟ ಗೆರೆಗಳನ್ನು ಮಾತ್ರ.

ಮಕ್ಕಳೇ, ನಿಮ್ಮ ಕಂಪಾಸ್ ಪೆಟ್ಟಿಗೆಯಲ್ಲಿ ಬಾಲ್‌ಪೆನ್ನು, ಜೆಲ್ ಪೆನ್ನು ಇವೆ. ತೀರಿದರೆ ರಾಣೆಬೆನ್ನೂರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಹೊಳೆಗೆ ಹೋಗಬೇಕಿಲ್ಲ, ಬೆರಳು ಕಪ್ಪಾಗುವುದಿಲ್ಲ. ನಿಮ್ಮಲ್ಲಿ ಕಿರಿಯವಳು ಎಡಗೈಯಲ್ಲೇ ಬರೆಯುತ್ತಾಳೆ. ಅವಳ ಟೀಚರ್ ಬೈಯುವುದಿಲ್ಲ, ಅವಳಪ್ಪನೂ ಏನೂ ಅನ್ನುವುದಿಲ್ಲ. ಅದು ಒಳ್ಳೆಯದೇ. ನಾನೂ ಇದನ್ನು ನಿಮ್ಮದೇ ಪೆನ್ನಿನಿಂದ ಬರೆಯುತ್ತಿದ್ದೇನೆ. ಎಲ್ಲಿಯೂ ಸಿಕ್ಕದೆ ಸರಾಗ ಹೋಗುತ್ತಿದೆ. ಅದಕ್ಕೆ ಯಾರ ಕೈಯಾದರೂ ಒಂದೇ.